ಗಾಂಜಾ ಅಂಗಡಿಗೆ ಬಂದರೆ ಮನೆಗೆ ಬಾರದೇ ಇರುತ್ತದೆಯೇ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿರುವ ನಿಮಗೆ ಗಾಂಜಾ ಎಂದರೆ ದೊಡ್ಡ ಶಹರಗಳ ಸುದ್ದಿಯಲ್ಲ. ತೊಗರಿ ಸಾಲಿನ ನಡುವೆ, ಹತ್ತಿ ಮತ್ತು ಕಬ್ಬಿನ ಮರೆಯಲ್ಲಿ ಬೆಳೆದ ಗಿಡಗಳನ್ನು ಕಿತ್ತು ರಾಶಿ ಹಾಕಿದ ಚಿತ್ರಗಳನ್ನು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ. 2020ರ ಸೆಪ್ಟೆಂಬರಿನಲ್ಲಿ ಕಾಳಗಿ ತಾಲೂಕಿನ ಕುರಿ ಫಾರ್ಮ್ ಒಂದರ ನೆಲದಡಿ ಬಚ್ಚಿಟ್ಟಿದ್ದ 1,300 ಕಿಲೋಗೂ ಮಿಕ್ಕಿದ ಗಾಂಜಾವನ್ನು ಬೆಂಗಳೂರಿನ ಪೊಲೀಸರು ಬಂದು ಹಿಡಿದರು. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಗಡಿಯಲ್ಲಿ ಗಾಂಜಾ ಹೊಲ ಹುಡುಕಿ ಹೋದ ನಮ್ಮ ಜಿಲ್ಲೆಯ ಸರ್ಕಲ್ ಇನ್ಸ್‌ಪೆಕ್ಟರ್ ಒಬ್ಬರನ್ನು ಗುಂಪೊಂದು ಸಾಯುವ ಹಾಗೆ ಹೊಡೆಯಿತು.

ಇದನ್ನೆಲ್ಲ ಕಂಡವರಲ್ಲಿ ಕೆಲವರು ಕೇಳುತ್ತಾರೆ: ಹಿಡಿಯುವುದು, ಸುಡುವುದು ಎಷ್ಟು ದಿನ? ಕಾನೂನುಬದ್ಧ ಮಾಡಿಬಿಟ್ಟರೆ ರೈತನಿಗೂ ನಾಲ್ಕು ಕಾಸು ಬಂದೀತಲ್ಲ? ಕೇಳುವವರೆಲ್ಲ ನಶೆಕೋರರಲ್ಲ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತವೂ ಅದರ ಪರವಾಗಿ ಮತ ಹಾಕಿತ್ತು. ಆದರೆ ಅದು ಔಷಧೀಯ ಉಪಯೋಗವನ್ನು ಒಪ್ಪಿದ ತೀರ್ಮಾನ. ನಿಯಂತ್ರಣದ ಇನ್ನೊಂದು ಪಟ್ಟಿಯಲ್ಲಿ ಗಾಂಜಾ ಈಗಲೂ ಇದೆ. ವೈದ್ಯರು ಅಳೆದು ಕೊಡುವ ಔಷಧಿ ಬೇರೆ, ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ತೆರೆಯುವ ಅಂಗಡಿ ಬೇರೆ.

ಅಂಗಡಿ ಎಂದರೇನೆಂದು ತಿಳಿಯಲು ನಮಗೆ ಅಮೆರಿಕದ ಉದಾಹರಣೆ ಬೇಕಿಲ್ಲ, ಶರಾಬೇ ಸಾಕು. ಕರ್ನಾಟಕ 2007ರ ಜುಲೈನಲ್ಲಿ ಸಾರಾಯಿ ನಿಷೇಧಿಸಿತು. ಕುಡಿಯುವವನು ಕುಡಿತ ಬಿಟ್ಟನೇ? ಅಗ್ಗದ ವಿಸ್ಕಿಗೆ ಹೋದ. 2023-24ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸರ್ಕಾರ ನಿರೀಕ್ಷಿಸಿದ್ದು 36,000 ಕೋಟಿ ರೂಪಾಯಿ. ಇಷ್ಟು ಆದಾಯದ ರುಚಿ ಹತ್ತಿದ ಮೇಲೆ ಯಾವ ಸರ್ಕಾರ, ಯಾವ ಪಕ್ಷದ್ದೇ ಇರಲಿ, ಅಂಗಡಿ ಮುಚ್ಚಿಸೀತು? ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಸೇವಿಸಿದವರು ದೇಶದಲ್ಲಿ ಸುಮಾರು 3 ಕೋಟಿ, ಮದ್ಯ ಕುಡಿದವರು ಸುಮಾರು 16 ಕೋಟಿ. ಈ ಅಂತರಕ್ಕೆ ಅಂಗಡಿಯೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಕೈಗೆ ಸುಲಭವಾಗಿ ಸಿಗುವುದು ಹೆಚ್ಚು ಜನರ ಕೈ ಸೇರುತ್ತದೆ, ಇದನ್ನು ಅಲ್ಲಗಳೆಯುವವರು ಯಾರು? ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾದ ಮೇಲಿನ ನಿಷೇಧ ತೆಗೆಯಿತು. ಸಾವಿರಾರು ಅಂಗಡಿಗಳು ಎದ್ದವು. ಮೂರೇ ವರ್ಷಕ್ಕೆ, 2025ರ ಜೂನ್‌ನಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಹಿಂದೆ ಸರಿಯಿತು. ಕೆನಡಾದಲ್ಲಿ 2018ರಲ್ಲಿ ಮಾರಾಟ ಶುರುವಾದ ಮೇಲೆ, ಗಾಂಜಾ ಬೆರೆತ ಮಿಠಾಯಿಯನ್ನು ತಿಳಿಯದೆ ತಿಂದು ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಸಂಖ್ಯೆ ಏರಿತು. ನಮ್ಮಲ್ಲೂ 2023ರಲ್ಲಿ ಮಂಗಳೂರಿನಲ್ಲಿ ಚಾಕೊಲೇಟಿನ ರೂಪದಲ್ಲಿ ಈ ಸರಕು ಸಿಕ್ಕಿಬಿದ್ದಿದೆ. ಮಗುವಿಗೆ ಕಾಗದ ಓದಲು ಬರುವುದಿಲ್ಲ.

"ಗಿಡದ್ದಲ್ಲವೇ, ಶರಾಬಿನಂತೆ ಹರಾಮಲ್ಲ" ಎಂಬ ಮಾತು ನಮ್ಮ ಹುಡುಗರ ಬಾಯಲ್ಲಿದೆ. ದರ್ಗಾಗಳ ಆಸುಪಾಸು ಚಿಲುಮೆ ಹಿಡಿದು ಕೂತವರನ್ನು ಕಂಡು ಕಲಿತ ಮಾತಿದು. ಬುದ್ಧಿ ಮಸುಕು ಮಾಡುವುದಕ್ಕೆ ಉಲಮಾಗಳು ಏಳುನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಇಬ್ನ್ ತೈಮಿಯ್ಯಾ ಹಶೀಶನ್ನು ನಶೆಯ ಸಾಲಿಗೇ ಸೇರಿಸಿದರು. ಇದು ಆರೋಗ್ಯದ ಪುಟವಾದ್ದರಿಂದ ಮೆದುಳಿನ ಮಾತಿಗೆ ಬರುತ್ತೇನೆ.

ಮನುಷ್ಯನ ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಲೇ ಇರುತ್ತದೆ. ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಅಂಶ ಆ ಬೆಳವಣಿಗೆಗೇ ಕೈ ಹಾಕುತ್ತದೆ. ಸೇದುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅದಕ್ಕೆ ದಾಸರಾಗುತ್ತಾರೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಈ ಪ್ರಮಾಣ ಆರರಲ್ಲಿ ಒಬ್ಬರು. ನೆನಪು ಮಂಕಾಗುತ್ತದೆ, ಓದು ಹತ್ತುವುದಿಲ್ಲ. ಬೀಡಿ ತಂಬಾಕಿನಲ್ಲಿ ಬೆರೆಸಿ ಸೇದಿದರೆ ತಂಬಾಕಿನ ಚಟ ಬೋನಸ್ಸು. ಕೆಲವರಲ್ಲಿ, ಅದರಲ್ಲೂ ಮನೆತನದಲ್ಲಿ ಮಾನಸಿಕ ಕಾಯಿಲೆ ಇರುವವರಲ್ಲಿ, ಇಲ್ಲದ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂಬ ಸಂಶಯ, ರಾತ್ರಿಯೆಲ್ಲ ನಿದ್ದೆಯಿಲ್ಲದ ಓಡಾಟ ಶುರುವಾಗುತ್ತವೆ. ಇದಕ್ಕೆ ಸೈಕೋಸಿಸ್ ಎನ್ನುತ್ತಾರೆ.

ಹೀಗಾದಾಗ ನಮ್ಮ ಮನೆಗಳಲ್ಲಿ ಏನಾಗುತ್ತದೆ, ನಿಮಗೇ ಗೊತ್ತು. ಪುಣೆಗೋ ಸೊಲ್ಲಾಪುರಕ್ಕೋ ದುಡಿಯಲು ಹೋದ ಹುಡುಗ ಬದಲಾಗಿ ಬಂದರೆ "ಸಾಯಾ ಹಿಡಿದಿದೆ" ಎಂದು ಅಮ್ಮೀ ತಾವೀಜು ಕಟ್ಟಿಸುತ್ತಾಳೆ. ದುಆ ಮಾಡಿಸಿ, ಬೇಡವೆನ್ನುವುದಿಲ್ಲ. ಆದರೆ ತಿಂಗಳುಗಟ್ಟಲೆ ಅಲೆದು ವೈದ್ಯರಲ್ಲಿಗೆ ಕೊನೆಗೆ ಹೋಗುವುದರಿಂದ ಕಾಯಿಲೆ ಬೇರೂರುತ್ತದೆ. ಇನ್ನೊಂದು ಮದ್ದು ಇದಕ್ಕಿಂತ ಕೆಟ್ಟದ್ದು: "ನಿಕಾಹ್ ಮಾಡಿ, ಸರಿಹೋಗುತ್ತಾನೆ". ಸರಿಹೋಗುವುದಿಲ್ಲ. ವಿಷಯ ಮುಚ್ಚಿಟ್ಟು ಯಾರದೋ ಮನೆಯ ಮಗಳನ್ನು ತಂದು ಅವಳ ಕೈಗೆ ರೋಗಿಯನ್ನು ಕೊಡುವುದು ಮೋಸ. ಜಮಾತಿನ ಹಿರಿಯರು ನಿಕಾಹ್ ದಫ್ತರಕ್ಕೆ ಸಹಿ ಹಾಕಿಸುವ ಮುಂಚೆ ಈ ಒಂದು ಪ್ರಶ್ನೆ ಕೇಳಲು ಹಿಂಜರಿಯುವುದೇಕೋ ತಿಳಿಯದು.

ಹಾಗೆಂದು ಸೇದಿದ ಹುಡುಗನನ್ನೆಲ್ಲ ಜೈಲಿಗೆ ಹಾಕಿ ಎನ್ನುವವನೂ ನಾನಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ 6 ತಿಂಗಳವರೆಗೆ, 1 ಕಿಲೋವರೆಗೆ ಇಟ್ಟುಕೊಂಡರೆ 1 ವರ್ಷದವರೆಗೆ ಸಜೆಯಿದೆ. ಗಿಡ ಬೆಳೆದರೆ 10 ವರ್ಷದವರೆಗೆ ಆಗಬಹುದು. ತೊಗರಿ ಕೈಕೊಟ್ಟ ವರ್ಷ ದಲಾಲಿಯ ಮಾತಿಗೆ ನಾಲ್ಕು ಗಿಡ ಹಾಕಿದ ರೈತ ಈ ಕೊನೆಯದನ್ನು ನೆನಪಿಡಬೇಕು. ದಲಾಲಿ ಸಿಗುವುದಿಲ್ಲ, ಪಹಣಿಯಲ್ಲಿ ಹೆಸರಿರುವವನು ಸಿಗುತ್ತಾನೆ. ಆದರೆ ಅದೇ ಕಾಯ್ದೆಯ 64ಎ ಕಲಮು, ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದು ಪೂರ್ತಿ ಮಾಡಿದರೆ ಸೇವನೆಗಾಗಲಿ, ಅಲ್ಪ ಪ್ರಮಾಣದ ಅಪರಾಧಕ್ಕಾಗಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಈ ಕಲಮನ್ನು ಬಳಸಿದ್ದು ಕಡಿಮೆ. ಕಾನೂನು ಬದಲಾಗಬೇಕೆನ್ನುವವರು ಮಾರಾಟದ ಬಾಗಿಲು ತೆರೆಯುವ ಬದಲು ಈ ಬಾಗಿಲನ್ನು ಅಗಲ ಮಾಡಿ ಎಂದು ಕೇಳಲಿ. ಎಫ್‌ಐಆರ್ ಬಿದ್ದ ಹುಡುಗನಿಗೆ ನೌಕರಿಯೂ ಪಾಸ್‌ಪೋರ್ಟೂ ಕಷ್ಟ, ಆಮೇಲೆ ಅವನಿಗೆ ಉಳಿಯುವುದು ಅದೇ ಚಿಲುಮೆಯ ಗೆಳೆಯರು.

ಮಗನ ಕಣ್ಣು ಕೆಂಪಗಿದ್ದು, ಬಟ್ಟೆಯಲ್ಲಿ ಸುಟ್ಟ ಸೊಪ್ಪಿನ ವಾಸನೆಯಿದ್ದು, ಹೊತ್ತಲ್ಲದ ಹೊತ್ತಿನಲ್ಲಿ ಸಿಹಿಗೆ ಹಾತೊರೆಯುತ್ತಿದ್ದರೆ ಹೊಡೆಯಬೇಡಿ, ಮೊಹಲ್ಲಾದ ಮುಂದೆ ಮಾನ ತೆಗೆಯಬೇಡಿ. ನಶೆ ಇಳಿದ ಮೇಲೆ ಅಬ್ಬಾ ಒಬ್ಬರೇ ಕೂತು ಮಾತಾಡಲಿ. ಗಾಂಜಾ ಬಿಟ್ಟ ಮೊದಲ ಒಂದೆರಡು ವಾರ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಸಹಜ. ಆಗ ಅವನನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಶೆ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಮನೋವೈದ್ಯರು ಬರಬೇಕೆಂಬ ವ್ಯವಸ್ಥೆಯಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ಕೇಳಿ, ಬರುತ್ತಿಲ್ಲವಾದರೆ ಜಮಾತಿನ ಕಡೆಯಿಂದ ತಾಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ, ಬರುವ ದಿನವನ್ನು ಮಸೀದಿಯ ಫಲಕದಲ್ಲಿ ಬರೆಸಿ.