ಅತಿಥಿಯ ಕೋಣೆಗೊಂದು ಚಿಲಕ

ದುಡ್ಡು ಕೊಟ್ಟು ಒಬ್ಬರ ಮನೆಯಲ್ಲಿ ತಂಗುವವರು ಕೋಣೆಗೆ ಬೀಗ ಕೇಳಬಹುದೇ? ಹೋಟೆಲಿನಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಕೌಂಟರಿನಲ್ಲಿ ಹೆಸರು ಬರೆದ ಕೂಡಲೇ ಕೀ ಕೈಗೆ ಬರುತ್ತದೆ. ಹೋಮ್‌ಸ್ಟೇಯಲ್ಲಿ ಮಾತ್ರ ಇದು ಸಂಕೋಚದ ವಿಷಯ. ಮನೆಯವರೇ ಮುಂದೆ ನಿಂತು ಬಡಿಸಿದ ಕಡುಬು ತಿಂದು, ಅವರ ಮನೆಯ ಹಿರಿಯರ ಜೊತೆ ಜಗಲಿಯಲ್ಲಿ ಕೂತು ಹರಟಿ, ಆಮೇಲೆ "ಈ ಬಾಗಿಲಿಗೆ ಬೀಗ ಇಲ್ಲವಾ?" ಎನ್ನಲು ನಾಲಿಗೆ ಏಳುವುದಿಲ್ಲ. ಕೇಳಿದರೆ ಅವರನ್ನು ಅನುಮಾನಿಸಿದ ಹಾಗೆ. ಕೇಳದೆ ಮಲಗಿದರೆ ನಿದ್ದೆಯಿಲ್ಲ. ಈ ಸಂಕೋಚಕ್ಕೆ ಆಧಾರವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಣ ಪಡೆದಷ್ಟು ದಿನ ಆ ಕೋಣೆಯ ಬಾಗಿಲು ಅತಿಥಿಯದು. ಅದನ್ನು ಮುಚ್ಚುವ, ತೆರೆಯುವ ಅಧಿಕಾರವೂ ಅವರದೇ. ಅದನ್ನು ಕೊಡದ ಮನೆ ಎಷ್ಟೇ ಪ್ರೀತಿಯಿಂದ ಉಪಚರಿಸಲಿ, ಕೊಡಬೇಕಾದ್ದರಲ್ಲಿ ಮುಖ್ಯವಾದದ್ದನ್ನೇ ಬಾಕಿ ಉಳಿಸಿಕೊಂಡಿದೆ.

ಇದನ್ನು ಒಂದು ಅನುಭವದಿಂದ ಹೇಳುತ್ತಿದ್ದೇನೆ. ಮಳೆ ಹಿಂದಾದ ಮೇಲೆ ಅಕ್ಕನೂ ನಾನೂ ಮಲೆನಾಡಿನ ಒಂದು ಹೋಮ್‌ಸ್ಟೇಗೆ ಹೋಗಿದ್ದೆವು. ಹಂಚಿನ ಹಳೆಯ ಮನೆ, ಸುತ್ತ ಕಾಫಿ ತೋಟ. ಊಟ ಉಪಚಾರದಲ್ಲಿ ಯಾವ ಕೊರತೆಯೂ ಇರಲಿಲ್ಲ. ನಮ್ಮ ಕೋಣೆಗೆ ಎರಡು ಬಾಗಿಲು: ಒಂದು ನಡುಮನೆಗೆ, ಇನ್ನೊಂದು ಹಿಂದಿನ ಜಗಲಿಗೆ. ನಡುಮನೆ ಕಡೆಯ ಬಾಗಿಲಿಗೆ ಒಳಗಡೆ ಹಿತ್ತಾಳೆಯ ಚಿಲಕವೇನೋ ಇತ್ತು. ಆದರೆ ಮಳೆಗಾಲದ ತೇವಕ್ಕೆ ಮರ ಹಿಗ್ಗಿ, ಚಿಲಕದ ಸರಳಿಗೂ ಚೌಕಟ್ಟಿನ ತೂತಿಗೂ ಅರ್ಧ ಬೆರಳಿನಷ್ಟು ಅಂತರ ಬಿದ್ದಿತ್ತು. ಬಾಗಿಲನ್ನು ಎತ್ತಿ ತಳ್ಳಿದರೂ ಕೂರುತ್ತಿರಲಿಲ್ಲ. ಜಗಲಿ ಕಡೆಯ ಬಾಗಿಲಿಗೆ ಒಳಗೆ ಚಿಲಕವಿದ್ದರೂ ಹೊರಗಿನ ಕೊಂಡಿ ಎರಡೇ ಸ್ಕ್ರೂಗಳ ಮೇಲೆ ನಿಂತಿತ್ತು. ಸ್ಕ್ರೂಗಳ ತಲೆ ಹೊರಗೇ ಕಾಣುತ್ತಿತ್ತು, ನಾಣ್ಯದ ಅಂಚು ಕೊಟ್ಟು ತಿರುಗಿಸಿದರೆ ಸಾಕು, ಬಿಚ್ಚಿಕೊಳ್ಳುವಂತಿದ್ದವು. ಬೀಗ ಎಲ್ಲೂ ಇರಲಿಲ್ಲ.

ಅಕ್ಕ ಹೋಗಿ ಮನೆಯೊಡತಿಯನ್ನು ಕೇಳಿದಳು. "ಅಯ್ಯೋ, ಏನೂ ಹೆದ್ರಬೇಡಿ ಮೇಡಂ. ನಮ್ಮ ಕಡೆ ಯಾರೂ ರೂಮಿಗೆಲ್ಲ ಬೀಗ ಹಾಕಲ್ಲ. ನೀವೂ ನಮ್ಮನೆಯವ್ರ ಥರಾನೇ ಅಲ್ವಾ" ಎಂದರು ಆಕೆ. ಮಾತಿನಲ್ಲಿ ಕಪಟವಿರಲಿಲ್ಲ. ಮಾರನೆಯ ದಿನ ಗುಡ್ಡ ಹತ್ತಿ ಬಂದು ನೋಡಿದರೆ ಹಾಸಿಗೆ ಸರಿಪಡಿಸಿತ್ತು, ಒಣಹಾಕಿದ್ದ ಬಟ್ಟೆ ಮಡಿಸಿಟ್ಟಿತ್ತು, ಮೇಜಿನ ಮೇಲಿದ್ದ ಅಕ್ಕನ ಬ್ಯಾಗು ಕುರ್ಚಿಗೆ ಬಂದಿತ್ತು. ಯಾರು ಬಂದಿದ್ದರು ಎಂದು ಕೇಳಿದ್ದಕ್ಕೆ, "ನಮ್ಮ ಕೆಲ್ಸದ ಹುಡುಗ. ತುಂಬಾ ಒಳ್ಳೆಯವ್ನು" ಎಂಬ ಉತ್ತರ. ಒಂದು ರೂಪಾಯಿಯೂ ಕಳೆದಿರಲಿಲ್ಲ. ಆ ರಾತ್ರಿ ಅಕ್ಕ ಕುರ್ಚಿಯನ್ನು ಬಾಗಿಲಿಗೆ ಒತ್ತಿಟ್ಟು, ಅದರ ಅಂಚಿಗೆ ಸ್ಟೀಲಿನ ಚೊಂಬು ಇಟ್ಟು ಮಲಗಿದಳು. ಬಾಗಿಲು ಅಲುಗಿದರೆ ಚೊಂಬು ಉರುಳಿ ಎಚ್ಚರವಾಗಲಿ ಎಂದು.

"ಏನೂ ಕಳೆದಿಲ್ಲವಲ್ಲ, ಮತ್ತೇನು ತಕರಾರು?" ಊರಿಗೆ ಬಂದ ಮೇಲೆ ಹಲವರು ಹೀಗೇ ಕೇಳಿದರು. ನಾನು ಉತ್ತರಿಸಬೇಕೆಂದಿರುವುದು ಮುಖ್ಯವಾಗಿ ಈ ಮಾತಿಗೆ. ಕೋಣೆಯನ್ನು ಬಾಡಿಗೆಗೆ ಪಡೆದವರು ಕೊಂಡದ್ದಾದರೂ ಏನು? ಹಾಸಿಗೆ, ಬಿಸಿನೀರು, ಬೆಳಗಿನ ತಿಂಡಿ ಎಲ್ಲ ಸರಿ, ಆದರೆ ಇವೆಲ್ಲದರ ಉದ್ದೇಶ ಒಂದು ರಾತ್ರಿಯ ನಿಶ್ಚಿಂತೆ. ನಿದ್ದೆ ಮಾಡುವಾಗ ಮನುಷ್ಯ ತನ್ನನ್ನು ತಾನು ಕಾಯಲಾರ. ಎಚ್ಚರವಿದ್ದಾಗ ಕಣ್ಣು, ಕಿವಿ ಮಾಡುವ ಕೆಲಸವನ್ನು ಆಗ ಬಾಗಿಲು ಮಾಡಬೇಕು. ಬಾಗಿಲು ಮಾಡದಿದ್ದರೆ ಕಣ್ಣು, ಕಿವಿಯೇ ಮಾಡುತ್ತವೆ. ಹಂಚಿನ ಮೇಲೆ ಇಲಿ ಓಡಿದರೂ ಎದ್ದು ಕೂರುತ್ತೇವೆ. ಕಳ್ಳ ಬಂದರೆ ಮಾತ್ರ ನಷ್ಟ ಎನ್ನುವವರು ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಳ್ಳ ಬರಲಿ ಬಿಡಲಿ, ಅದು ಆ ರಾತ್ರಿಯೇ ಪೂರ್ತಿ ಆಗಿಹೋಗಿರುತ್ತದೆ. ಹಗಲಿನದೂ ಅಷ್ಟೇ. ಕೀ ಜೇಬಿನಲ್ಲಿಲ್ಲದ ಪ್ರವಾಸಿ ಔಷಧಿ, ಆಧಾರ್ ಕಾರ್ಡು, ಲ್ಯಾಪ್‌ಟಾಪು, ಮೈಮೇಲಿನಿಂದ ತೆಗೆದಿಟ್ಟ ಸರ ಎಲ್ಲವನ್ನೂ ಹೊತ್ತುಕೊಂಡೇ ಗುಡ್ಡ ಹತ್ತಬೇಕು, ಇಲ್ಲವೇ ಜಲಪಾತದ ಮುಂದೆ ನಿಂತು ಕೋಣೆಯನ್ನು ನೆನೆಯಬೇಕು.

ಇನ್ನು "ನಮ್ಮೂರಲ್ಲಿ ಕಳ್ಳರಿಲ್ಲ" ಎಂಬ ಮಾತು. ಅದು ನಿಜವೇ ಇರಬಹುದು. ಆದರೆ ಆ ನಂಬಿಕೆ ಮನೆಯವರಿಗೆ ಬಂದದ್ದು ನಾಲ್ಕಾರು ದಶಕ ಅದೇ ಜನರ ನಡುವೆ ಬಾಳಿ. ಮದುವೆ ಮುಂಜಿಯಲ್ಲಿ, ಸಾವು ನೋವಿನಲ್ಲಿ, ಗದ್ದೆಯ ನೀರಿನ ಜಗಳದಲ್ಲಿ ಯಾರು ಎಂಥವರು ಎಂದು ಕಂಡು ಗಳಿಸಿದ್ದು. ಸಂಜೆ ಕಾರಿನಿಂದ ಇಳಿದವರು ಅದನ್ನು ರಾತ್ರಿಯೊಳಗೆ ಪಡೆಯುವುದು ಹೇಗೆ? ಇನ್ನೊಂದು ಸಂಗತಿಯನ್ನು ಮನೆಯವರು ಗಮನಿಸಿದಂತಿಲ್ಲ. ಹೋಮ್‌ಸ್ಟೇ ತೆರೆದ ಮೇಲೆ ಆ ಮನೆಯಲ್ಲಿರುವುದು ಊರಿನವರು ಮಾತ್ರವಲ್ಲ. ಪಕ್ಕದ ಕೋಣೆಯ ಐದು ಜನರ ಗುಂಪು ಎಲ್ಲಿಯದು, ಎಂಥದ್ದು ಎಂಬುದು ಅವರಿಗೂ ನಮ್ಮಷ್ಟೇ ಗೊತ್ತು. ಊರಿಗೆ ಕೊಟ್ಟ ಒಳ್ಳೆಯ ನಡತೆಯ ಸರ್ಟಿಫಿಕೇಟು ಆ ಗುಂಪಿಗೆ ಅನ್ವಯಿಸುವುದಿಲ್ಲ.

ಹಾಗೆ ನೋಡಿದರೆ ನಮ್ಮ ಹಳೆಯ ಮನೆಗಳು ಬೀಗವನ್ನು ಎಂದೂ ದೂರವಿಟ್ಟಿರಲಿಲ್ಲ. ಹೆಬ್ಬಾಗಿಲಿಗೆ ಅಗಳಿ, ಉಗ್ರಾಣಕ್ಕೆ ಬೀಗ, ಅಜ್ಜಿಯ ಸೊಂಟದಲ್ಲಿ ಬೀಗದ ಕೈ ಗೊಂಚಲು. ಕುಯ್ಲಿನ ಕಾಲಕ್ಕೆ ಕಾಫಿ ಕಣದಲ್ಲಿ ರಾತ್ರಿ ಕಾವಲು, ಮೆಣಸು ತುಂಬಿದ ಗೋಡೌನಿಗೆ ಗಟ್ಟಿ ಬೀಗ. ಬೆಲೆಬಾಳುವುದನ್ನು ಕಾಪಾಡಬೇಕು ಎಂಬುದು ಬೆಳೆಗಾರರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಕೋಣೆಗಳಿಗೆ ಬೀಗ ಇರಲಿಲ್ಲ, ನಿಜ. ಒಳಗೆ ಮಲಗುವವರೆಲ್ಲ ಒಂದೇ ಮನೆತನದವರಾದ್ದರಿಂದ ಬೇಕಿರಲಿಲ್ಲ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರು ಕಡೆಯ ಅನೇಕ ಕುಟುಂಬಗಳು ಖಾಲಿ ಬಿದ್ದಿದ್ದ ಕೋಣೆಗಳನ್ನು ಪ್ರವಾಸಿಗರಿಗೆ ತೆರೆದವು. ಆ ಕಷ್ಟಕಾಲದಲ್ಲಿ ಅದು ಧೈರ್ಯದ ಹೆಜ್ಜೆ, ಅನೇಕ ತೋಟಗಳು ಉಳಿದದ್ದು ಅದರಿಂದಲೂ ಹೌದು. ಬಚ್ಚಲಿಗೆ ಟೈಲ್ಸ್ ಬಂತು, ಗೀಸರ್ ಬಂತು, ವೈಫೈ ಬಂತು. ಬಾಗಿಲು ಮಾತ್ರ ಹಲವು ಕಡೆ ಮನೆಯ ಮಕ್ಕಳು ಮಲಗುತ್ತಿದ್ದ ಕಾಲದ್ದೇ ಉಳಿಯಿತು.

ತಂಗಲು ಜಾಗ ಕೊಟ್ಟವರ ಹೊಣೆ ಏನು ಎಂಬ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನಲ್ಲಿ 1584ರಷ್ಟು ಹಿಂದೆಯೇ, ಕೇಲಿಯ ಪ್ರಕರಣವೆಂದು ಹೆಸರಾದ ವ್ಯಾಜ್ಯದಲ್ಲಿ, ನ್ಯಾಯಾಧೀಶರು ಛತ್ರದ ಮಾಲೀಕನ ಮೇಲೆ ಭಾರಿ ಹೊಣೆ ಹೊರಿಸಿದರು. "ಕೋಣೆಯ ಬೀಗದ ಕೈ ಅತಿಥಿಗೇ ಕೊಟ್ಟಿದ್ದೆ, ಅವನೇ ಬಾಗಿಲು ತೆರೆದಿಟ್ಟ" ಎಂಬ ಸಮಜಾಯಿಷಿಯೂ ಮಾಲೀಕನನ್ನು ಪಾರುಮಾಡದು ಎಂದರು. ದಾರಿಯಲ್ಲಿ ಕತ್ತಲಾದ ಪ್ರಯಾಣಿಕನಿಗೆ ಬೇರೆ ಆಯ್ಕೆ ಇರುವುದಿಲ್ಲ, ಮಾಲೀಕ ಕಳ್ಳರ ಜೊತೆ ಕೈಜೋಡಿಸಿದರೆ ಅದನ್ನು ಸಾಬೀತು ಮಾಡುವುದು ಅವನಿಂದಾಗದು ಎಂಬುದು ಈ ಕಾನೂನಿನ ಹಿಂದಿನ ತರ್ಕ. ಇದೇ ಕಾನೂನು ಬೆಳೆಯುತ್ತಾ ಹೋಟೆಲಿಗೂ ಬೋರ್ಡಿಂಗ್ ಮನೆಗೂ ಗೆರೆ ಎಳೆಯಿತು. ಅಲ್ಲಿನ 1956ರ ಹೋಟೆಲ್ ಮಾಲೀಕರ ಕಾಯ್ದೆಯ ಪ್ರಕಾರ, ಹಣ ಕೊಡಬಲ್ಲ ಯಾವ ಪ್ರಯಾಣಿಕ ಬಂದರೂ ಸೇರಿಸಿಕೊಳ್ಳುವುದಾಗಿ ತೋರ್ಪಡಿಸಿಕೊಂಡದ್ದು ಮಾತ್ರ ಹೋಟೆಲ್. ಬೇಕಾದವರನ್ನು ಮಾತ್ರ ಇಟ್ಟುಕೊಳ್ಳುವ ಮನೆಗೆ ಆ ಕಠಿಣ ಹೊಣೆಯಿಲ್ಲ. ತಕ್ಕಷ್ಟು ಎಚ್ಚರ ವಹಿಸಿದರೆ ಸಾಕು.

ಈ ಗೆರೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಮೂರು ಕೋಣೆಯ ಮನೆ ನೂರು ಕೋಣೆಯ ಹೋಟೆಲಿನಷ್ಟು ಹೊಣೆ ಹೊರಲಾರದು. ಆದರೆ ತಕ್ಕಷ್ಟು ಎಚ್ಚರ ಎಂದರೆ ಏನೂ ಮಾಡದಿರುವುದು ಎಂದಾಗುವುದಿಲ್ಲ. ಕೂರುವ ಚಿಲಕ, ಕಚ್ಚುವ ಬೀಗ ಆ ಎಚ್ಚರದ ಮೊದಲ ಮೆಟ್ಟಿಲು. ನಮ್ಮಲ್ಲಿ 1867ರಲ್ಲಿ ಛತ್ರಗಳಿಗೆಂದು ಬಂದ ಸರಾಯಿ ಕಾಯ್ದೆಯೇ ಇದನ್ನು ಕಂಡಿತ್ತು. ಗೋಡೆ, ಬೇಲಿ, ಗೇಟುಗಳನ್ನು ದುರಸ್ತಿಯಲ್ಲಿಡಬೇಕು, ತಂಗಿದ ಜನರ ಮತ್ತು ಪ್ರಾಣಿಗಳ ರಕ್ಷಣೆಗೆ ಅಗತ್ಯವಿರುವಷ್ಟು ಕಾವಲುಗಾರರನ್ನು ನೇಮಿಸಬೇಕು ಎಂದು ಅದು ವಿಧಿಸಿತ್ತು. ಎತ್ತಿನ ಗಾಡಿಯಲ್ಲಿ ಬಂದವರಿಗೆ ಸಲ್ಲುತ್ತಿದ್ದ ರಕ್ಷಣೆ ಕಾರಿನಲ್ಲಿ ಬಂದವರಿಗೆ ಸಲ್ಲಬಾರದೇ?

ನಮ್ಮ ಸುಪ್ರೀಂ ಕೋರ್ಟಿನ 2019ರ ನವೆಂಬರ್ ತಿಂಗಳ ಒಂದು ತೀರ್ಪನ್ನೂ ಇಲ್ಲಿ ನೆನೆಯಬೇಕು. ಬರೆದವರು ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. 1998ರಲ್ಲಿ ದೆಹಲಿಯ ಒಂದು ದೊಡ್ಡ ಹೋಟೆಲಿನಲ್ಲಿ, ಪಾರ್ಕಿಂಗಿಗೆಂದು ಸಿಬ್ಬಂದಿಯ ಕೈಗೆ ಒಪ್ಪಿಸಿದ್ದ ಕಾರು ಕಳುವಾಗಿತ್ತು. ಚೀಟಿಯ ಮೇಲೆ ಕಾರಿನ ಮಾಲೀಕರದೇ ಜವಾಬ್ದಾರಿ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದು, ಏನಾಯಿತೆಂದು ವಿವರಿಸುವ ಭಾರ ಹೋಟೆಲಿನದೇ ಎಂದು ಕೋರ್ಟು ಹೇಳಿತು. ಅದು ಹೋಟೆಲಿನ ವಿಷಯ, ಕಾರಿನ ವಿಷಯ ಎಂಬುದು ಗೊತ್ತು. ಆದರೆ ಕೋಣೆಯ ಬಾಗಿಲು ಯಾರ ಹಿಡಿತದಲ್ಲಿದೆಯೋ ಒಳಗಿನ ವಸ್ತುಗಳಿಗೆ ಉತ್ತರ ಕೊಡಬೇಕಾದವರೂ ಅವರೇ ಎಂಬ ಸಾಮಾನ್ಯ ನ್ಯಾಯ ಹೋಮ್‌ಸ್ಟೇಗೆ ಏಕೆ ಹೊಂದಬಾರದು? ಕೀ ಕೊಡದಿದ್ದರೆ ಹಿಡಿತ ಮನೆಯವರದು. ಆಗ "ಬೆಲೆಬಾಳುವ ವಸ್ತುಗಳಿಗೆ ನೀವೇ ಜವಾಬ್ದಾರರು" ಎಂಬ ಗೋಡೆಯ ಮೇಲಿನ ಬೋರ್ಡಿಗೆ ಅರ್ಥವಿಲ್ಲ.

ಸರ್ಕಾರದ ಗಮನ ಬಹುಪಾಲು ಬೇರೆ ದಿಕ್ಕಿಗಿದೆ. ಬಂದವರು ಯಾರು ಎಂಬುದರ ಮೇಲೆ ಅದಕ್ಕೆ ಬಹಳ ಕಣ್ಣು. ಗುರುತಿನ ಚೀಟಿಯ ನಕಲು, ರಿಜಿಸ್ಟರಿನಲ್ಲಿ ಸಹಿ, ವಿದೇಶಿಯರಾದರೆ 24 ಗಂಟೆಯೊಳಗೆ ಮಾಹಿತಿ. ಇವು ಬೇಡವೆನ್ನುವುದಿಲ್ಲ. ಆದರೆ ಇವೆಲ್ಲ ಅತಿಥಿಯಿಂದ ಇತರರನ್ನು ಕಾಯುವ ನಿಯಮಗಳು. ಅತಿಥಿಯನ್ನು ಇತರರಿಂದ ಕಾಯುವ ವಿಷಯ ಬಂದಾಗ ಅಷ್ಟು ಕಾಳಜಿ ಕಾಣುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೊರತೆಯ ಭಾರ ಇನ್ನೂ ಹೆಚ್ಚು. ಗುಪ್ತವಾಗಿ ಹೆಣ್ಣಿನ ಖಾಸಗಿ ಕ್ಷಣಗಳನ್ನು ನೋಡುವುದು, ಚಿತ್ರೀಕರಿಸುವುದು ನಮ್ಮ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವೆಂದು ಸೇರಿದ್ದು 2013ರಲ್ಲಿ. ಏರ್‌ಬಿಎನ್‌ಬಿ ಸಂಸ್ಥೆ ತನ್ನಲ್ಲಿ ನೋಂದಾಯಿಸಿದ ಮನೆಗಳ ಒಳಗೆ ಕ್ಯಾಮೆರಾ ಇಡುವುದನ್ನು ಪೂರ್ತಿ ನಿಷೇಧಿಸಿದ್ದು 2024ರಲ್ಲಿ. ನಮ್ಮ ನೆನಪಿನಿಂದ ಅಳಿಯದ ಘಟನೆಯೊಂದಿದೆ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲಿನ ಹೋಮ್‌ಸ್ಟೇ ಒಂದಕ್ಕೆ ಗುಂಪೊಂದು ನುಗ್ಗಿ, ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಕೈಮಾಡಿತು. ಒಳ್ಳೆಯ ಬೀಗ ಅಂಥ ಗುಂಪನ್ನು ತಡೆಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಹಣ ಕೊಟ್ಟು ತಂಗಿದವರ ಕೋಣೆ ಅವರ ಖಾಸಗಿ ಜಾಗ ಎಂಬ ತಿಳಿವಳಿಕೆ ಸಮಾಜದಲ್ಲಿ ಬಲವಾಗಿಲ್ಲದ ಕಡೆ, ನುಗ್ಗುವವರು ಕಳ್ಳರೇ ಆಗಿರಬೇಕಿಲ್ಲ. ಹಾಸಿಗೆ ಸರಿಪಡಿಸಲು ಹೇಳದೆ ಕೇಳದೆ ಒಳಬಂದ ಹುಡುಗನನ್ನು ಆ ಗುಂಪಿನ ಜೊತೆ ನಿಲ್ಲಿಸುವುದು ದೊಡ್ಡ ಅನ್ಯಾಯವಾದೀತು, ಅವನ ಉದ್ದೇಶ ಒಳ್ಳೆಯದೇ. ಬಾಗಿಲು ತಟ್ಟಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹೇಳಿಕೊಡಬೇಕಿತ್ತು.

ಮನೆಯವರ ಕಷ್ಟಗಳನ್ನೂ ಕಡೆಗಣಿಸಲಾಗದು. ಅವರಿಗೂ ಭಯವಿದೆ: ಬಂದವರು ಎಂಥವರೋ, ಒಳಗೆ ಏನು ಮಾಡಿಕೊಳ್ಳುತ್ತಾರೋ. ಚಿಲಕ ಹಾಕಿಕೊಂಡ ಅತಿಥಿಗೆ ರಾತ್ರಿ ಎದೆನೋವು ಬಂದರೆ, ಬೆಂಕಿ ಬಿದ್ದರೆ ಒಡೆದೇ ಒಳಹೋಗಬೇಕು. ಹೀಗಾಗಿ ಬೀಗದ ಎರಡನೆಯ ಕೈ ಮನೆಯವರ ಹತ್ತಿರ ಇರಲಿ, ಆದರೆ ಲಕೋಟೆಯಲ್ಲಿ ಅಂಟಿಸಿಟ್ಟು, ಹಾಗೆ ಇದೆ ಎಂದು ಬಂದವರಿಗೆ ತಿಳಿಸಲಿ. ನೂರು ವರ್ಷದ ಬೀಟೆ ಬಾಗಿಲಿಗೆ ತೂತು ಕೊರೆಯಲು ಮನಸ್ಸು ಒಪ್ಪದಿದ್ದರೆ ಒಳಗಡೆ ಅಡ್ಡಪಟ್ಟಿಯ ಅಗಳಿ ಇಡಲಿ, ಊರಿನ ಬಡಗಿಗೆ ಅದು ಅರ್ಧ ದಿನದ ಕೆಲಸ. ಹೊರಗಿನ ಕೊಂಡಿಗೆ ಸ್ಕ್ರೂ ಬದಲು ಬಾಗಿಲಿನ ಆಚೆ ಬದಿಗೆ ನಟ್ಟು ಬಿಗಿಯುವ ಬೋಲ್ಟು ಹಾಕಿದರೆ ಹೊರಗಿನಿಂದ ಬಿಚ್ಚಲು ಬಾರದು. ಇದರಲ್ಲಿ ಯಾವುದಕ್ಕೂ ಒಂದು ರಾತ್ರಿಯ ಬಾಡಿಗೆಗಿಂತ ಹೆಚ್ಚು ತಗಲುವುದಿಲ್ಲ. ನಡುಮನೆಯಲ್ಲಿ ಸಿಸಿಟಿವಿ ಹಾಕಿಸಿ ಭದ್ರತೆ ಮಾಡಿದೆವು ಎನ್ನುವವರಿದ್ದಾರೆ. ಅದರಿಂದ ಅತಿಥಿಯ ಓಡಾಟ ಮನೆಯವರಿಗೆ ಕಾಣುತ್ತದೆ, ಅತಿಥಿಯ ಬಾಗಿಲು ಮೊದಲು ಹೇಗಿತ್ತೋ ಹಾಗೇ ಇರುತ್ತದೆ.

ಪ್ರವಾಸೋದ್ಯಮ ಇಲಾಖೆಯಿಂದ ನೋಂದಣಿಗೆ ಪರಿಶೀಲನೆಗೆ ಬರುವವರು ಒಂದು ಕೆಲಸ ಮಾಡಬೇಕು. ಕೋಣೆಯೊಳಗೆ ಹೋಗಿ, ಚಿಲಕ ಹಾಕಿ, ಹೊರಗಿನಿಂದ ಒಬ್ಬರು ಭುಜ ಕೊಟ್ಟು ತಳ್ಳುವಂತೆ ಹೇಳಬೇಕು. ಅದನ್ನು ಮಳೆಗಾಲದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು, ಬಾಗಿಲು ತನ್ನ ನಿಜಸ್ಥಿತಿ ತೋರಿಸುವುದು ಆಗ. ಹೋಗುವವರೂ ಅಡ್ವಾನ್ಸ್ ಕಳಿಸುವ ಮುಂಚೆ ಫೋನಿನಲ್ಲಿಯೇ ಕೇಳಬೇಕು. ಅಕ್ಕ ಈಗ ತಿಂಡಿಗೆ ಏನು ಮಾಡ್ತೀರಿ ಎಂದು ವಿಚಾರಿಸುವ ದನಿಯಲ್ಲಿಯೇ ಕೇಳುತ್ತಾಳೆ: "ಒಳಗಿಂದ ಚಿಲಕ ಸರಿಯಾಗಿ ಬೀಳುತ್ತಾ? ಹೊರಗೆ ಹೋಗುವಾಗ ಬೀಗ ಹಾಕಿ ಕೀ ನಮ್ಮ ಹತ್ರಾನೇ ಇಟ್ಕೋಬಹುದಾ?" ಸೋಮವಾರಪೇಟೆ ಕಡೆಯ ಒಬ್ಬ ಹಿರಿಯರು, "ಇಟ್ಕೊಳ್ಳಿ ಅಮ್ಮಾ, ಕ್ಲೀನ್ ಮಾಡೋಕೆ ಬೇಕಾದಾಗ ನಾವೇ ಕೇಳಿ ಇಸ್ಕೊಳ್ತೀವಿ" ಎಂದರು. ಅವಳು ಅಲ್ಲೇ ಮೂರು ದಿನಕ್ಕೆ ಬುಕ್ ಮಾಡಿದಳು.