ವಿರಾಮಕಾಲ: ಗಂಗಾಬಲ್ ಸರೋವರಕ್ಕೆ ಗಾಳದ ಪ್ರವಾಸ

ಶನಿವಾರ ಭಾನುವಾರಗಳ ಬಿಡುವಿನಲ್ಲಿ ಹಿಮಾಲಯದ ಸರೋವರವೊಂದಕ್ಕೆ ಹೋಗಿ, ಟ್ರೌಟ್ ಮೀನಿಗೆ ಗಾಳ ಹಾಕಿ, ಸೋಮವಾರ ಬೆಳಗ್ಗೆ ಕಚೇರಿಗೆ ಹಾಜರಾಗಲು ಸಾಧ್ಯವೇ ಎಂದು, ಉದ್ಯೋಗನಿಮಿತ್ತ ಶ್ರೀನಗರದಲ್ಲಿ ನೆಲಸಿರುವ ವಾಚಕರೊಬ್ಬರು ನಮ್ಮನ್ನು ಕೇಳಿದ್ದಾರೆ. ಸಾಧ್ಯವೆಂದು ಹೇಳುವವರು ಬಹುಮಂದಿ ಉಂಟು. ನಾವೂ ಒಮ್ಮೆ ಹಾಗೆಯೇ ನಂಬಿ ಹೊರಟವರಾದಕಾರಣ ಈ ತಿಂಗಳ ಪುಟವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಮೀನನ್ನು ಮುಟ್ಟದ ಮನೆತನದವರು ಇದೇನು ಹೊಸ ಹವ್ಯಾಸವೆಂದು ಮುಖ ತಿರುಗಿಸಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ ಒಂದು ಪ್ರಕರಣವನ್ನೇ ಕೊಟ್ಟಿದ್ದಾನೆ. ನಮ್ಮ ನಾಡಿನ ಅರಸನೇ ಒಪ್ಪಿದ ವಿನೋದವಿದು.

ಕಾಶ್ಮೀರದ ಟ್ರೌಟ್ ಮಾತ್ರ ಆ ನಾಡಿನ ಮೂಲದ ಮೀನಲ್ಲ. 1899ರಲ್ಲಿ ವಿಲಾಯತಿಯಿಂದ ತರಿಸಿದ ಮೊಟ್ಟೆಗಳು ದಾರಿಯಲ್ಲಿಯೇ ಕೆಟ್ಟುಹೋದುವು. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದವು ಉಳಿದುವು. ಶ್ರೀನಗರದಲ್ಲಿ ರತ್ನಗಂಬಳಿಯ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಎಂಬವರು ಆ ಮರಿಗಳ ಪಾಲನೆ ಮಾಡಿದರು. ಅವುಗಳ ಸಂತತಿ ತಣ್ಣೀರಿನ ಹೊಳೆಗಳಲ್ಲಿಯೂ, ಕಾಲಕ್ರಮದಲ್ಲಿ ಎತ್ತರದ ಸರೋವರಗಳಲ್ಲಿಯೂ ಹರಡಿಕೊಂಡಿತು.

ಈ ಮೀನಿಗೆ ಎರೆಹುಳುವಿನ ಗಾಳವಲ್ಲ, ಗರಿ ಮತ್ತು ನೂಲುಗಳಿಂದ ಕಟ್ಟಿದ ಕೃತಕ ನೊಣದ ಗಾಳ. ಇಂಗ್ಲಿಷರು ಇದನ್ನೇ ಫ್ಲೈ ಫಿಷಿಂಗ್ ಎನ್ನುವರು. ನಮ್ಮ ಕೆರೆಯಂಗಳದ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಭಾರವು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿಯಾದರೋ ನೊಣಕ್ಕೆ ಭಾರವೇ ಇಲ್ಲ. ದಪ್ಪನಾದ ದಾರದ ಭಾರವೇ ನೊಣವನ್ನು ಒಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಕ್ಷಣಮಾತ್ರ ತಡೆದು, ಅನಂತರ ಮುಂದಕ್ಕೆ ಬೀಸತಕ್ಕದ್ದು. ಹೊಸಬರೆಲ್ಲ ತಪ್ಪುವುದು ಆ ತಡೆಯುವ ಕ್ಷಣದಲ್ಲಿಯೇ. ಆದುದರಿಂದ ಸರೋವರಕ್ಕೆ ಹೋಗಿ ಕಲಿಯುವೆವೆಂದು ಭಾವಿಸಬೇಡಿ. ಕೊಕ್ಕೆಗೆ ಬದಲಾಗಿ ತುದಿಗೆ ಒಂದು ಉಣ್ಣೆಯ ಎಳೆಯನ್ನು ಕಟ್ಟಿ, ಮನೆಯ ಮುಂದಿನ ಬಯಲಿನಲ್ಲಿ ಹದಿನೈದು ದಿನ ಸಂಜೆ ಅಭ್ಯಾಸ ಮಾಡಿಕೊಳ್ಳಿ. ನೆರೆಯವರು ನಕ್ಕರೆ ನಗಲಿ. ಒಂಬತ್ತು ಅಡಿಯ ಕೋಲು ಒಂದು, ನೀರಿನ ಮೇಲೆ ತೇಲುವ ದಾರ ಒಂದು, ನೊಣಗಳು ಒಂದು ಚಿಕ್ಕ ಡಬ್ಬಿಯಷ್ಟು ಇದ್ದರೆ ಸಾಮಗ್ರಿ ಮುಗಿಯಿತು. ಅಂಗಡಿಯವನು ಇದಕ್ಕಿಂತ ಹೆಚ್ಚಿಗೆ ಹೇಳಿದರೆ ಅದು ಅವನ ಅಗತ್ಯ.

ಇನ್ನು ದಾರಿ. ಶ್ರೀನಗರದಿಂದ ಕಂಗನ್ ಮಾರ್ಗವಾಗಿ ನಾರಾನಾಗ್ ಸುಮಾರು 50 ಕಿಲೋಮೀಟರು. ಅಲ್ಲಿ ಪುರಾತನ ದೇಗುಲಗಳ ಭಗ್ನಾವಶೇಷಗಳಿವೆ, ಮೋಟಾರು ಅಲ್ಲಿಯ ವರೆಗೆ ಮಾತ್ರ. ಅಲ್ಲಿಂದ ಟ್ರುಂಖೋಲ್ ಹುಲ್ಲುಗಾವಲಿನ ಮೇಲೆ ಸುಮಾರು 15 ಕಿಲೋಮೀಟರು ನಡೆದರೆ, ಹರಮುಕುಟ ಪರ್ವತದ ಬುಡದಲ್ಲಿ ನಂದಕೋಲ್ ಎಂಬ ಚಿಕ್ಕ ಸರೋವರವೂ ಅದರ ಮೇಲ್ಗಡೆ ಗಂಗಾಬಲ್ ಎಂಬ ದೊಡ್ಡ ಸರೋವರವೂ ಸಿಕ್ಕುತ್ತವೆ. ಸಾಮಾನು ಹೊರಲು ನಾರಾನಾಗಿನಲ್ಲಿ ಕುದುರೆಯವರು ದೊರೆಯುವರು. ಜುಲೈಗೆ ಮುಂಚೆ ಮೇಲೆ ಹಿಮವಿರುವುದುಂಟು; ಸೆಪ್ಟೆಂಬರು ಕಳೆದರೆ ಚಳಿ ತಡೆಯದು. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಶ್ರೀನಗರದಲ್ಲಿಯೇ ಪಡೆಯತಕ್ಕದ್ದು. ಕಾವಲಿನ ಕಾರಣದಿಂದ ಬೆಟ್ಟದ ದಾರಿಯನ್ನು ಕೆಲವು ವೇಳೆ ಮುಚ್ಚುವುದರಿಂದ, ಹೊರಡುವ ವಾರದಲ್ಲಿಯೇ ವಿಚಾರಿಸಿ, ಗುರುತಿನ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡಿರಬೇಕು.

ಅಡಿಗೆಯ ವಿಷಯದಲ್ಲಿ ಮನೆಯಾಕೆಯ ಮಾತನ್ನು ಕೇಳುವುದು ಲೇಸು. ಗಂಗಾಬಲ್ ಸಮುದ್ರಮಟ್ಟಕ್ಕಿಂತ 11,500 ಅಡಿಗೂ ಮೇಲಿರುವುದರಿಂದ ಅಲ್ಲಿ ನೀರು ಸುಮಾರು 88 ಡಿಗ್ರಿಯಲ್ಲಿಯೇ ಕುದಿದುಬಿಡುತ್ತದೆ. ಎಷ್ಟು ಉರಿ ಹಾಕಿದರೂ ಬೇಳೆ ಬೇಯದು. ಮೊದಲ ಸಲ ನಾವು ತೊಗರಿಬೇಳೆಯನ್ನು ಹೊತ್ತುಕೊಂಡು ಹೋಗಿದ್ದೆವು. ಎರಡನೆಯ ಸಲ ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಒಣಕೊಬ್ಬರಿ, ಚಟ್ನಿಪುಡಿ. ಮೀನು ಸಿಕ್ಕಿದರೆ ಊಟವೆಂದು ನಂಬಿ ಹೋಗುವವರು ಉಪವಾಸಕ್ಕೂ ಸಿದ್ಧರಾಗಿರಬೇಕು.

ಆದರೆ ನಾವು ಹೇಳಬೇಕಾಗಿದ್ದ ಮುಖ್ಯ ಸಂಗತಿ ಬೇರೆ. ಶ್ರೀನಗರದ ಎತ್ತರ 5,200 ಅಡಿ. ನಾರಾನಾಗ್ ಸುಮಾರು 7,000. ಎರಡು ದಿನದ ಯೋಜನೆಯೆಂದರೆ ಶುಕ್ರವಾರ ರಾತ್ರಿ ನಾರಾನಾಗಿನಲ್ಲಿ ಮಲಗಿದವರು ಶನಿವಾರ ರಾತ್ರಿ ನಾಲ್ಕೂವರೆ ಸಾವಿರ ಅಡಿ ಮೇಲೆ ಮಲಗಬೇಕೆಂದರ್ಥ. ಗಾಳಿ ತೆಳುವಾದ ಆ ಎತ್ತರಕ್ಕೆ ಶರೀರವು ಅಷ್ಟು ಬೇಗ ಒಗ್ಗಿಕೊಳ್ಳುವುದಿಲ್ಲ. ತಲೆನೋವು, ವಾಕರಿಕೆ, ನಿದ್ರೆಯಿಲ್ಲದಿರುವುದು ಇದರ ಮೊದಲ ಲಕ್ಷಣಗಳು. ಅಲಕ್ಷ್ಯ ಮಾಡಿದರೆ ಶ್ವಾಸಕೋಶದಲ್ಲಿ ಅಥವಾ ಮೆದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರುವುದುಂಟು. ದೇಹದಾರ್ಢ್ಯವು ಇದಕ್ಕೆ ರಕ್ಷೆಯಲ್ಲ.

ನಮ್ಮೊಡನೆ ಬಂದಿದ್ದ ಇಬ್ಬರು ಮಿತ್ರರಲ್ಲಿ ಕಿರಿಯವನೇ ಹೆಚ್ಚು ಗಟ್ಟಿಗ. ದಾರಿಯುದ್ದಕ್ಕೂ ನಮ್ಮ ಗಂಟನ್ನೂ ತಾನೇ ಹೊತ್ತು ನಗುತ್ತ ಬಂದವನು ಟ್ರುಂಖೋಲ್ ತಲುಪುವ ವೇಳೆಗೆ ಮಾತುಬಿಟ್ಟ. ಕತ್ತಲಾಗುವಾಗ ಎರಡು ಸಲ ವಾಂತಿ ಮಾಡಿಕೊಂಡ. ಸರೋವರವು ಇನ್ನೊಂದು ಗಂಟೆಯ ನಡಿಗೆ. ಪರವಾನಗಿ ಮರುದಿನದ್ದು. ಕುದುರೆಯವನ ವಶದಲ್ಲಿ ಅವನನ್ನು ಡೇರೆಯಲ್ಲಿ ಮಲಗಿಸಿ, ಬೆಳಕು ಹರಿಯುತ್ತಲೇ ನಾವಿಬ್ಬರು ಹೋಗಿ ನಾಲ್ಕು ಬೀಸು ಬೀಸಿ ಬರೋಣವೆಂದು ಹಿರಿಯ ಮಿತ್ರರು ಸೂಚಿಸಿದರು. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ, ನಮ್ಮ ಮನಸ್ಸೂ ಅತ್ತಲೇ ಎಳೆಯಿತು. ತಡೆದವನು ಕುದುರೆಯವನು. “ಸರೋವರ ಎಲ್ಲಿಗೂ ಹೋಗುವುದಿಲ್ಲ ಸಾಹೇಬ್, ಇವರನ್ನು ಈಗಲೇ ಕೆಳಕ್ಕೆ ಒಯ್ಯಬೇಕು” ಎಂದು ನಮ್ಮ ಅಪ್ಪಣೆಗೂ ಕಾಯದೆ ಜೀನು ಬಿಗಿದನು. ಲಾಂದ್ರದ ಬೆಳಕಿನಲ್ಲಿ, ಕಾಲು ಜಾರುವ ಕಲ್ಲುಗಳ ಮೇಲೆ, ಮೂರು ಗಂಟೆಗಳ ಕಾಲ ಇಳಿದು ಗುಜ್ಜರರ ಒಂದು ಗುಡಿಸಲನ್ನು ಸೇರಿದೆವು. ಆ ಮನೆಯಾಕೆ ಉಪ್ಪು ಹಾಕಿದ ಚಹಾ ಕೊಟ್ಟಳು. ಬೆಳಗಾಗುವಾಗ ಹುಡುಗನ ತಲೆನೋವು ಇಳಿದಿತ್ತು. ಒಂದು ರೊಟ್ಟಿ ಕೇಳಿ ತಿಂದ. ಹಿರಿಯ ಮಿತ್ರರು ಅವನ ಮುಖವನ್ನು ನೋಡಲಾರದೆ ಗಾಳದ ಕೋಲಿನ ಚೀಲವನ್ನು ಕಟ್ಟುತ್ತ ಬಿಚ್ಚುತ್ತ ಕುಳಿತಿದ್ದರು.

ಮರುವರ್ಷ ಹೋದಾಗ ಐದು ದಿನ ಇಟ್ಟುಕೊಂಡೆವು. ನಾರಾನಾಗಿನಲ್ಲಿ ಎರಡು ರಾತ್ರಿ, ಟ್ರುಂಖೋಲಿಗೆ ಮುಂಚೆ ಒಂದು ರಾತ್ರಿ, ಮೇಲೆ ಒಂದೇ ರಾತ್ರಿ. ಗಂಗಾಬಲ್ ಕಾಶ್ಮೀರಿ ಪಂಡಿತರಿಗೆ ತೀರ್ಥ. ಸತ್ತವರ ಅಸ್ಥಿಯನ್ನು ಅಲ್ಲಿ ವಿಸರ್ಜಿಸುವರು, ಭಾದ್ರಪದದಲ್ಲಿ ಯಾತ್ರೆ ಬರುವರು. ಕಾನೂನು ಏನೇ ಇರಲಿ, ಅಲ್ಲಿ ಕೋಲು ಬೀಸಲು ನಮಗೆ ಮನಸ್ಸು ಬರಲಿಲ್ಲ. ಕೈಮುಗಿದು ನಂದಕೋಲಿಗೆ ಇಳಿದೆವು. ಮೇಲಿನ ನೀರು ಹರಿದು ಬಂದು ಕೆಳಗಿನ ಸರೋವರವನ್ನು ಕೂಡುವ ಸ್ಥಳದಲ್ಲಿ ಹುಳುಗಳು ಕೊಚ್ಚಿಕೊಂಡು ಬರುವುದರಿಂದ ಟ್ರೌಟ್ ಅಲ್ಲಿಯೇ ಕಾದಿರುತ್ತದೆ. ಮಧ್ಯಾಹ್ನದ ಗಾಳಿ ಏಳುವುದಕ್ಕೆ ಮುಂಚೆ, ನೆರಳು ನೀರಿನ ಮೇಲೆ ಬೀಳದಂತೆ ದಡದಿಂದ ಹಿಂದೆ ನಿಂತು ಬೀಸಿದರೆ ಫಲ ಉಂಟು.

ನಮಗೆ ಒಂದೂ ಸಿಕ್ಕಲಿಲ್ಲ. ಕಿರಿಯವನಿಗೆ ಎರಡು ಸಿಕ್ಕಿದುವು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿದ್ದರಿಂದ ಸುಲಭವಾಗಿ ಬಿಡಿಸಲಾಯಿತು. ಚಿಕ್ಕದನ್ನು ಒದ್ದೆ ಕೈಯಲ್ಲಿ ಹಿಡಿದು ಅವನು ನೀರಿಗೆ ಬಿಟ್ಟ. ದೊಡ್ಡದನ್ನು ಕುದುರೆಯವನಿಗೆ ಕೊಟ್ಟ. ನಾವು ಅವಲಕ್ಕಿ ತಿಂದೆವು.