ಪತ್ರ ಓದಿಕೊಡುವವನು ಯಾರು?

ಆತ್ಮೀಯ ಶಿಷ್ಯರೇ, ಬಂಧುಗಳೇ,

ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಿಂದ ನಾನು ಹೊರಬಂದದ್ದೇಕೆಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಮುನಿಸಿಕೊಂಡು ಬಂದವನಲ್ಲ ನಾನು. ಕಾರಣವನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1980ರ ದಶಕದಲ್ಲಿ ನಾನು ಬಿ.ಎಡ್. ಮುಗಿಸಿ, ಮೇಷ್ಟರ ಕೆಲಸಕ್ಕೆಂದು ಅಜ್ಜಂಪುರದಲ್ಲಿ ರೈಲಿಳಿದಾಗ ಅದಿನ್ನೂ ತರೀಕೆರೆ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು. ಸಂಜೆಯ ಹೊತ್ತು ನನ್ನ ಬಾಡಿಗೆ ಮನೆಯ ಜಗುಲಿಗೆ ಅಕ್ಕಪಕ್ಕದ ತಾಯಂದಿರು ಇನ್‌ಲ್ಯಾಂಡ್ ಪತ್ರ ಹಿಡಿದು ಬರುತ್ತಿದ್ದರು. ಮಗ ಸೈನ್ಯದಲ್ಲಿಯೋ ಭದ್ರಾವತಿಯ ಕಾರ್ಖಾನೆಯಲ್ಲಿಯೋ ಇರುತ್ತಿದ್ದ. ತಾಯಿಗೆ ಅಕ್ಷರ ಬಾರದು. ನಾನು ಅಂಚು ಬಿಡಿಸಿ ಓದಿ ಹೇಳುತ್ತಿದ್ದೆ. ಸಾಲದ ಸಂಗತಿ, ಸೊಸೆಯ ಕಾಯಿಲೆ, ಅಣ್ಣತಮ್ಮಂದಿರ ಮನಸ್ತಾಪ, ಎಲ್ಲವೂ ಅದರಲ್ಲಿರುತ್ತಿದ್ದವು. ಓದಿದ ಒಂದು ಮಾತನ್ನೂ ನಾನು ಆ ಜಗುಲಿಯಿಂದ ಕೆಳಗಿಳಿಸಲಿಲ್ಲ. ಅಂಚೆಯವನು ಪತ್ರವನ್ನು ಒಡೆಯದೆ ತಂದುಕೊಡುವುದು ಅರ್ಧ ಭದ್ರತೆಯಾದರೆ, ಓದಿಕೊಡುವವನು ಬಾಯಿ ಬಿಗಿಹಿಡಿಯುವುದು ಉಳಿದರ್ಧ.

ಕಳೆದ ದೀಪಾವಳಿಯಲ್ಲಿ ಶಿಷ್ಯನೊಬ್ಬ ಕಡೂರಿನ ನಮ್ಮ ಮನೆಗೆ ಬಂದಿದ್ದ. ಈರುಳ್ಳಿ, ಅಡಿಕೆ ಬೆಳೆದು ಚೆನ್ನಾಗಿ ಬಾಳುತ್ತಿರುವ ಹುಡುಗ. ತನ್ನ ಫೋನನ್ನು ಹೆಮ್ಮೆಯಿಂದ ತೋರಿಸಿದ. "ಸಾರ್, ಇದು ಮಾಮೂಲಿ ವಾಟ್ಸಾಪ್ ಅಲ್ಲ. ಬೇರೆಯವರು ಡಿಲೀಟ್ ಮಾಡಿದ ಮೆಸೇಜನ್ನೂ ಇದರಲ್ಲಿ ಓದಬಹುದು. ನಾನು ಓದಿದ್ದು ಅವರಿಗೆ ಗೊತ್ತಾಗಲ್ಲ."

"ಎಲ್ಲಿ ಸಿಕ್ಕಿತಪ್ಪಾ?" ಎಂದೆ.

"ಪ್ಲೇ ಸ್ಟೋರಲ್ಲಿ ಸಿಗಲ್ಲ ಸಾರ್. ಸ್ನೇಹಿತ ಕಳಿಸಿದ."

"ಮಾಡಿದವರು ಯಾರು?"

ಅವನಲ್ಲಿ ಉತ್ತರವಿರಲಿಲ್ಲ. ನಕ್ಕು, "ನನ್ನ ಹತ್ತಿರ ಮುಚ್ಚಿಡೋಂಥದ್ದು ಏನಿದೆ ಬಿಡಿ ಸಾರ್" ಎಂದ. ವಿಚಾರಿಸಿದಾಗ ನಮ್ಮ ಗುಂಪಿನಲ್ಲಿಯೇ ಇಂಥ ಆಪ್ ಬಳಸುವವರು ಇನ್ನೂ ಐದಾರು ಮಂದಿ ಇದ್ದಾರೆಂದು ತಿಳಿಯಿತು.

ಜಿಬಿ ವಾಟ್ಸಾಪ್, ಎಫ್‌ಎಂ ವಾಟ್ಸಾಪ್, ಯೋ ವಾಟ್ಸಾಪ್ ಎಂದೆಲ್ಲ ಇವುಗಳಿಗೆ ಹೆಸರು. ಅಸಲಿ ಆಪನ್ನು ಯಾರೋ ಬಿಚ್ಚಿ, ತಮಗೆ ಬೇಕಾದುದನ್ನು ಸೇರಿಸಿ, ಮತ್ತೆ ಹೊಲಿದು ಹಂಚುವ ಸರಕು ಇದು. ಇದನ್ನು ಹಾಕಿಕೊಳ್ಳಲು ಫೋನಿನ ಎಚ್ಚರಿಕೆಯನ್ನು ಬದಿಗೊತ್ತಿ, ಅಪರಿಚಿತ ಮೂಲದ ಫೈಲಿಗೆ ನಾವೇ ಅನುಮತಿ ಕೊಡಬೇಕು. ಕಳ್ಳನಿಗೆ ಕದ ತೆರೆದುಕೊಟ್ಟು, ನಾಯಿಯನ್ನೂ ಕಟ್ಟಿಹಾಕಿದಂತೆ.

"ಸಂದೇಶಗಳೆಲ್ಲ ಗೂಢಲಿಪಿಯಲ್ಲಿ ಹೋಗುತ್ತವಲ್ಲ" ಎನ್ನುವವರಿದ್ದಾರೆ. ನಿಜ, 2016ರಿಂದ ವಾಟ್ಸಾಪಿನಲ್ಲಿ ಆ ವ್ಯವಸ್ಥೆಯಿದೆ. ದಾರಿಯಲ್ಲಿ ಯಾರೂ ಓದಲಾರರು. ಆದರೆ ಫೋನಿಗೆ ಬಂದ ಮೇಲೆ ಆ ಬೀಗವನ್ನು ತೆಗೆದು ನಮಗೆ ಓದಿಸುವುದು ಆಪೇ ಅಲ್ಲವೇ? ಓದಿಕೊಡುವವನೇ ಕೆಟ್ಟವನಾದರೆ ಲಕೋಟೆಯ ಅಂಟು ಎಷ್ಟು ಗಟ್ಟಿಯಿದ್ದು ಏನು ಫಲ?

ಇದು ಬರಿಯ ಊಹೆಯಲ್ಲ. 2021ರ ಆಗಸ್ಟ್‌ನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಪರಿಶೋಧಕರು ಎಫ್‌ಎಂ ವಾಟ್ಸಾಪಿನ ಒಂದು ಆವೃತ್ತಿಯಲ್ಲಿ ಟ್ರಯಾಡ ಎಂಬ ಕುತಂತ್ರಾಂಶವನ್ನು ಕಂಡರು. ಎಸ್ಸೆಮ್ಮೆಸ್ ಓದಲು ಬಳಕೆದಾರರು ಆಪಿಗೆ ಕೊಟ್ಟ ಅನುಮತಿ ಅದಕ್ಕೂ ದಕ್ಕುತ್ತಿತ್ತು. ಬ್ಯಾಂಕಿನ ಓಟಿಪಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿಯೇ ಎಂಬುದನ್ನು ನೆನಪಿಡಿ. 2022ರ ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆ ಯೋ ವಾಟ್ಸಾಪಿನ ಒಂದು ಆವೃತ್ತಿಯು ಬಳಕೆದಾರರ ಖಾತೆಯ ಕೀಲಿಗಳನ್ನೇ ಹೊರಗೆ ಸಾಗಿಸುತ್ತಿದ್ದುದನ್ನು ಹೊರಗೆಡಹಿತು. ಆ ಕೀಲಿ ಸಿಕ್ಕವನು ನಮ್ಮ ಹೆಸರಿನಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು. 2023ರ ಜೂನ್‌ನಲ್ಲಿ ಮುಂಬಯಿ ಪೊಲೀಸರು 'ಗುಲಾಬಿ ವಾಟ್ಸಾಪ್' ಎಂಬ ಮೋಸದ ಬಗ್ಗೆ ಜನರನ್ನು ಎಚ್ಚರಿಸಬೇಕಾಯಿತು.

"ಅಸಲಿ ಕಂಪನಿಯವರೇನು ಸತ್ಯಹರಿಶ್ಚಂದ್ರರೇ?" ಎಂದು ನೀವು ಕೇಳಬಹುದು. ಖಂಡಿತ ಅಲ್ಲ. 2021ರ ಅವರ ಖಾಸಗಿತನ ನೀತಿಯ ವಿಷಯದಲ್ಲಿ ನಮ್ಮ ದೇಶದ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ 213 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಆದರೆ ದಂಡ ವಿಧಿಸಬೇಕಾದರೆ ಒಂದು ವಿಳಾಸವಾದರೂ ಬೇಕು. ಈ ನಕಲಿಗಳನ್ನು ಹೊಲಿಯುವವನ ಹೆಸರೇನು, ಊರು ಯಾವುದು? ಮನೆ ಹಾಳಾದ ಮೇಲೆ ಯಾರ ಮೇಲೆ ದಾವೆ ಹೂಡುತ್ತೀರಿ?

ಇನ್ನು ಸೌಲಭ್ಯದ ಮಾತು. ಓದಿದ್ದನ್ನು ಸೂಚಿಸುವ ನೀಲಿ ಟಿಕ್ ಬೇಡವೆಂದರೆ ಅದನ್ನು ನಿಲ್ಲಿಸುವ ಅವಕಾಶ ಅಸಲಿಯಲ್ಲಿ ಬಹಳ ಹಿಂದೆಯೇ ಬಂದಿದೆ. ಎರಡು ಸಿಮ್ಮಿಗೆ ಎರಡು ಖಾತೆ ಎಂಬ ಸೌಲಭ್ಯವನ್ನು ಆಂಡ್ರಾಯ್ಡ್ ಫೋನುಗಳಿಗಾಗಿ 2023ರ ಅಕ್ಟೋಬರ್‌ನಲ್ಲಿಯೇ ಪ್ರಕಟಿಸಿದರು. ಹಾಗಾದರೆ ಮುಖ್ಯವಾಗಿ ಉಳಿದ ಆಕರ್ಷಣೆ ಯಾವುದು? ಇನ್ನೊಬ್ಬರು ಬೇಡವೆಂದು ಅಳಿಸಿದ್ದನ್ನು ಇಣುಕಿ ನೋಡುವ ಚಪಲ. ಪರರ ಪತ್ರವನ್ನು ಕದ್ದು ಓದುವ ಆಸೆಗೆ ನಮ್ಮ ಪತ್ರಗಳನ್ನೆಲ್ಲ ಕಾಣದವನ ಕೈಗೆ ಒಪ್ಪಿಸುವುದು ಎಂಥ ವ್ಯಾಪಾರ?

ಈಗ ಆ ಶಿಷ್ಯನ ಮಾತಿಗೆ ಬರುತ್ತೇನೆ. ಮುಚ್ಚಿಡುವಂಥದ್ದು ಅವನಲ್ಲಿ ಏನೂ ಇಲ್ಲದಿರಬಹುದು. ಆದರೆ ಅವನ ಫೋನಿನಲ್ಲಿರುವುದು ಅವನ ಮಾತುಗಳು ಮಾತ್ರವೇ? ಕಳೆದ ವರ್ಷ ನಿಮ್ಮ ಸಹಪಾಠಿಯೊಬ್ಬನ ಮೂತ್ರಪಿಂಡದ ಚಿಕಿತ್ಸೆಗೆ ನೀವೆಲ್ಲ ಹಣ ಕೂಡಿಸಿದಿರಿ. ಅದು ನಾನು ಹೆಮ್ಮೆಪಟ್ಟ ಸಂಗತಿ. ಆಗ ಅವನ ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್ ಚಿತ್ರ, ಆಸ್ಪತ್ರೆಯ ವರದಿಗಳೆಲ್ಲ ಗುಂಪಿಗೆ ಬಂದವು. ಹೆಣ್ಣುಮಕ್ಕಳು ತಮ್ಮ ಮಕ್ಕಳ ಚಿತ್ರಗಳನ್ನು ಹಾಕಿದ್ದಾರೆ. ಅವೆಲ್ಲವೂ ಆ ಐದಾರು ನಕಲಿ ಆಪುಗಳ ಕಣ್ಣಮುಂದೆ ಹಾದುಹೋಗಿವೆ. ಅವು ಸೋರಿದವೆಂದು ನಾನು ಹೇಳಲಾರೆ. ಸೋರಿಲ್ಲವೆಂದು ಪ್ರಮಾಣ ಮಾಡಬಲ್ಲವರೂ ಯಾರೂ ಇಲ್ಲ. ಆ ರೋಗಿಯ ಒಪ್ಪಿಗೆಯನ್ನು ಕೇಳಿದವರು ಯಾರು? ನಿಮ್ಮ ಜೇಬಿನ ದುಡ್ಡನ್ನು ಕಳೆಯುವ ಸ್ವಾತಂತ್ರ್ಯ ನಿಮಗಿದೆ; ಇನ್ನೊಬ್ಬರು ನಂಬಿ ಇಟ್ಟ ಗಂಟನ್ನು ಬೀದಿಯಲ್ಲಿಡುವ ಸ್ವಾತಂತ್ರ್ಯವಿಲ್ಲ. ಅಜಾಗರೂಕತೆ ಎಂಬ ಮೆದು ಮಾತು ಇದಕ್ಕೆ ಸಾಲದು. ನಂಬಿಕೆದ್ರೋಹ ಎಂದೇ ನಾನು ಇದನ್ನು ಕರೆಯುತ್ತೇನೆ.

ಪರಿಹಾರ ಕಷ್ಟವೇನಲ್ಲ. ಆ ಆಪನ್ನು ತೆಗೆದುಹಾಕಿ, ಪ್ಲೇ ಸ್ಟೋರಿನಿಂದ ಅಸಲಿಯನ್ನು ಹಾಕಿಕೊಳ್ಳಿ. ಹಳೆಯ ಸಂದೇಶಗಳು ಬಾರದೆ ಹೋಗಬಹುದು, ಹೋಗಲಿ. ವಾಟ್ಸಾಪಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು, ಗುರುತಿಲ್ಲದ ಯಂತ್ರವಿದ್ದರೆ ಕಿತ್ತುಹಾಕಿ. ಎರಡು ಹಂತದ ಪಿನ್ ಇಡಿ. ಹಣ ಹೋಗಿದ್ದರೆ ನಾಚಿಕೆಪಡದೆ, ತಡಮಾಡದೆ 1930ಕ್ಕೆ ಫೋನ್ ಮಾಡಿ. ನಿಮ್ಮ ತಂದೆತಾಯಿಯರ ಫೋನನ್ನೂ ಒಮ್ಮೆ ನೋಡಿ. ಅದರಲ್ಲಿ ಇಂಥದ್ದನ್ನು ಹಾಕಿಕೊಟ್ಟವರು ನೀವೇ ಆಗಿರಬಹುದು.

ಗುಂಪಿನ ಎಲ್ಲರೂ ಈ ಕೆಲಸ ಮುಗಿಸಿದ ದಿನ ನನ್ನನ್ನು ಮತ್ತೆ ಸೇರಿಸಿಕೊಳ್ಳಿ, ಸಂತೋಷದಿಂದ ಬರುತ್ತೇನೆ. ಅಲ್ಲಿಯವರೆಗೆ ಕಡೂರಿನ ನಮ್ಮ ಮನೆಯ ಜಗುಲಿಯಿದೆ, ಬನ್ನಿ. ಇಲ್ಲಿ ಆಡಿದ ಮಾತು ಈಗಲೂ ಕೆಳಗಿಳಿಯುವುದಿಲ್ಲ.

ಶುಭಾಶೀರ್ವಾದಗಳೊಂದಿಗೆ,
ನಿಮ್ಮ ಮೇಷ್ಟ್ರು